ಗುರುವಾರದ ಡಾಕ್ಟರು ಮತ್ತು ಥೆಲ್ಮಾ ಗ್ರೋಗನ್

ಥೆಲ್ಮಾ ಗ್ರೋಗನ್ ಅನ್ನುವವಳೊಬ್ಬಳು ಇದ್ದಾಳೆ ಅಂತ ನನಗೆ ಮೊದಲು ಗೊತ್ತಾದದ್ದು ರೇಡಿಯೊದಿಂದ. 1963ರ ಫೆಬ್ರವರಿ, ಒಂದು ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ. ಗಂಡಸರು ತಿಂದು ಎದ್ದುಹೋಗಿದ್ದ ತಟ್ಟೆಗಳನ್ನು ತೊಳೆಯುತ್ತಾ ನಿಂತಿದ್ದೆ. ಆ ಹೊತ್ತಿಗೇ ತಗಡಿನ ಮಾಡು ಕಾದು ಟಕ್ ಟಕ್ ಅನ್ನುತ್ತಿತ್ತು.

ನಮ್ಮ ಕಡೆ, ಬ್ರಿಸ್ಬೇನ್ ಪಟ್ಟಣದಿಂದ ಬಹುದೂರದ ಒಳನಾಡಿನಲ್ಲಿ, ಒಂದು ದನದ ಕಾವಲಿನ ಮನೆಯಿಂದ ಇನ್ನೊಂದಕ್ಕೆ ಅರವತ್ತು ಎಪ್ಪತ್ತು ಮೈಲಿ. ಡಾಕ್ಟರು ಇದ್ದದ್ದು ಮುನ್ನೂರು ಮೈಲಿ ಆಚೆ. ತೀರಾ ಕೆಟ್ಟರೆ ವಿಮಾನದಲ್ಲಿ ಬರುತ್ತಿದ್ದರು, ಮಿಕ್ಕಂತೆ ದಿನಾ ಬೆಳಿಗ್ಗೆ ಎಂಟಕ್ಕೆ ರೇಡಿಯೊ ಮುಂದೆ ಕೂರುತ್ತಿದ್ದರು. ಕೇಳುವುದಕ್ಕೂ ಮಾತಾಡುವುದಕ್ಕೂ ಆಗುವ ರೇಡಿಯೊ ಅದು. ನಾವು ಒಬ್ಬೊಬ್ಬರಾಗಿ ಕರೆದು ಕಾಯಿಲೆ ಹೇಳಬೇಕು, ನಮ್ಮ ಮಾತು ಮುಗಿಯಿತು ಅನ್ನಲು ಕೊನೆಗೆ 'ಓವರ್' ಅನ್ನಬೇಕು. ಪ್ರತಿ ಮನೆಯಲ್ಲೂ ಒಂದೇ ಥರದ ತಗಡಿನ ಔಷಧಿ ಪೆಟ್ಟಿಗೆ ಇರುತ್ತಿತ್ತು. ಸೀಸೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಜೊತೆಗೆ ಮನುಷ್ಯನ ಮೈಯ ಒಂದು ಚಿತ್ರ, ಅದರ ಮೇಲೂ ತಲೆಯಿಂದ ಕಾಲಿನ ತನಕ ನಂಬರು. "ಒಂಬತ್ತರಲ್ಲಿ ನೋವು ಡಾಕ್ಟ್ರೇ, ಓವರ್." "ಇಪ್ಪತ್ತೆರಡು ಕೊಡಿ, ಊಟ ಆದ್ಮೇಲೆ, ಓವರ್." ಅಷ್ಟೇ ಮಾತು. ಆ ಮಾತು ಸೀಮೆಯಲ್ಲಿರುವ ಅಷ್ಟೂ ರೇಡಿಯೊಗಳಲ್ಲಿ ಕೇಳಿಸುತ್ತಿತ್ತು. ಯಾರಿಗೆ ಮೂಲವ್ಯಾಧಿ, ಯಾರಿಗೆ ತಿಂಗಳು ನಿಂತಿದೆ, ಯಾರ ಗಂಡ ಕುಡಿದು ಬಿದ್ದು ಪಕ್ಕೆ ಮುರಿದುಕೊಂಡ, ಎಲ್ಲಾ ಎಲ್ಲರಿಗೂ ಗೊತ್ತು. ಕೇಳಿಸಿಕೊಳ್ಳುವುದು ತಪ್ಪು ಅಂತ ಒಬ್ಬರಿಗೂ ಅನ್ನಿಸಿರಲಿಲ್ಲ. ಮಾತಿಗೆ ಇನ್ನೊಂದು ಹೆಂಗಸು ಸಿಗದ ಆ ಬಯಲಿನಲ್ಲಿ ನಮಗೆಲ್ಲ ಅದೇ ಬಾವಿಕಟ್ಟೆ.

ಅವತ್ತು ಒಂದು ಹೊಸ ಧ್ವನಿ ಬಂತು. ಚಿಕ್ಕ ವಯಸ್ಸು, ಸಮುದ್ರದ ಕಡೆಯ ಮಾತು. "ಡಾಕ್ಟ್ರೇ, ನಾನು ಡಾರ್ಲೋ ಕಾವಲಿನ ವಾಲಿ ಗ್ರೋಗನ್ ಹೆಂಡ್ತಿ. ಮಗು ಚೆನ್ನಾಗಿದೆ. ಐದು ವಾರ ಆಯ್ತು. ನಾನೇ ಚೆನ್ನಾಗಿಲ್ಲ. ನಂಗೆ ಮಗೂನ ಎತ್ಕೊಳ್ಳೋಕೆ ಭಯ ಆಗುತ್ತೆ. ನಾನೇ ಅದಕ್ಕೆ ಏನಾದ್ರೂ ಮಾಡ್ಬಿಡ್ತೀನೇನೋ ಅಂತ ಭಯ. ಓವರ್."

ಡಾಕ್ಟರು, "ಯಾವ ನಂಬರಿನಲ್ಲಿ ನೋವು ಅಮ್ಮಾ? ಓವರ್," ಅಂದರು. ಒಳ್ಳೆಯ ಮನುಷ್ಯರೇ. ಅವರಿಗೂ ಬೇರೆ ಕೇಳಲು ತೋಚಿರಲಿಕ್ಕಿಲ್ಲ.

ಆ ಕಡೆಯಿಂದ ಬರೀ ಗರಗರ. ಕೊನೆಗೆ ವಾಲಿಯ ಧ್ವನಿ ಬಂತು. "ಏನಿಲ್ಲ ಡಾಕ್ಟ್ರೇ, ಸೆಕೆ. ಇವಳಿಗೆ ಅಭ್ಯಾಸ ಇಲ್ಲ. ಓವರ್." ನಿದ್ದೆಗೆ ಒಂದು ನಂಬರು ಹೇಳಿದರು, ಮುಗಿಯಿತು.

ಡಾಕ್ಟರ ಹೊತ್ತು ಮುಗಿದ ಮೇಲೆ ಹೆಂಗಸರ ಹರಟೆಯ ಹೊತ್ತು. ಗಲಾ ಅಂತ ಕಿರುಚಾಡುವ ಗುಲಾಬಿ ಗಿಣಿಗಳಿವೆ ನೋಡಿ ನಮ್ಮಲ್ಲಿ, ಆ ಹರಟೆಯ ಹೊತ್ತಿಗೆ ಗಂಡಸರು ಅವುಗಳ ಹೆಸರನ್ನೇ ಇಟ್ಟಿದ್ದರು. ಒಬ್ಬಳು ಅಂದಳು, "ಕೇಳಿದ್ರೇನ್ರೇ? ಸ್ವಂತ ಮಗೂನ ಎತ್ಕೊಳ್ಳೋಕೆ ಭಯವಂತೆ." ಇನ್ನೊಬ್ಬಳು, "ಸಮುದ್ರದ ಗಾಳಿ ಕುಡಿದು ಬೆಳೆದೋರು ಹಾಗೇ." ಆಗ ಒಬ್ಬಳು ಹೇಳಿದಳು, "ತಾಯಿ ಸತ್ತ ಇಪ್ಪತ್ತು ಕರು ಕಳಿಸಿ ಕೊಡ್ರೇ ಅವಳ ಮನೆಗೆ. ಬಕೆಟ್ಟಿನಲ್ಲಿ ಹಾಲು ಕುಡಿಸೋದ್ರೊಳಗೆ ಅಳೋಕೆ ಪುರುಸೊತ್ತು ಇರಲ್ಲ." ಆವತ್ತು ಸೀಮೆಯೆಲ್ಲ ನಕ್ಕಿತು. ಆ ಮಾತು ಹೇಳಿದವಳು ನಾನು. ನನಗೆ ಇಪ್ಪತ್ನಾಲ್ಕು ವಯಸ್ಸು, ಎರಡು ಮಕ್ಕಳಿದ್ದವು, ಎಲ್ಲಾ ಗೊತ್ತಿದೆ ಅಂತಿದ್ದೆ.

ಅವಳ ಮನೆಯಲ್ಲೂ ರೇಡಿಯೊ ಹಾಕಿಯೇ ಇರುತ್ತದೆ ಅನ್ನುವುದು ನನಗೆ ಹೊಳೆಯಲಿಲ್ಲ ಅಂತ ಎಷ್ಟೋ ವರ್ಷ ಹೇಳಿಕೊಂಡೆ. ಹೊಳೆದಿತ್ತು.

ಅದಾದ ಮೇಲೆ ಥೆಲ್ಮಾ ರೇಡಿಯೊದಲ್ಲಿ ಬಾಯಿ ಬಿಡಲಿಲ್ಲ. ಮಗಳು ರೊಂಡಾಗೆ ಜ್ವರ ಬಂದರೆ ವಾಲಿ ಕರೆಯುತ್ತಿದ್ದ. ಮುಂದೊಂದು ವರ್ಷ ಅವಳದ್ದೇ ಮಣಿಕಟ್ಟು ಮುರಿದಾಗ ಹಲಗೆ ಇಟ್ಟು ಬಟ್ಟೆ ಸುತ್ತಿಕೊಂಡು, ವಾಲಿ ದನ ಕೂಡಿಸಿ ಬರುವ ತನಕ ಆರು ದಿನ ಹಾಗೇ ಇದ್ದಳಂತೆ. ಕೊನೆತನಕ ಆ ಕೈ ಸ್ವಲ್ಪ ಸೊಟ್ಟ.

ನಾನು ಅವಳ ಮುಖ ನೋಡಿದ್ದು ಅರವತ್ತೇಳರಲ್ಲಿ, ನಮಗೆ ಹತ್ತಿರದ ಊರಾದ ಬೂಲಾಂಬಿಯ ಆಟೋಟದ ದಿನ. ಚಹಾದ ಮೇಜಿನ ಹತ್ತಿರ ನಾನು ಯಾರಿಗೋ ಏನೋ ಜೋರಾಗಿ ಹೇಳುತ್ತಿದ್ದೆ. ಎತ್ತರದ ಹೆಂಗಸು, ಅಗಲ ಅಂಚಿನ ಹ್ಯಾಟು, ಬಂದು ಕೈ ಚಾಚಿದಳು.

"ಬೆರಿಲ್ ಅಲ್ವಾ? ನಿನ್ನ ಧ್ವನಿ ನಂಗೆ ಚೆನ್ನಾಗಿ ಗೊತ್ತು," ಅಂದಳು. ಅಷ್ಟೇ. ನನ್ನ ತಟ್ಟೆಯಿಂದ ಒಂದು ಕುಂಬಳಕಾಯಿ ರೊಟ್ಟಿ ಎತ್ತಿಕೊಂಡು, "ಉಪ್ಪು ಕಮ್ಮಿ," ಅಂತ ಹೋದಳು. ಹಾಗೆ ಶುರುವಾದ ಸ್ನೇಹ ಐವತ್ತೈದು ವರ್ಷ ನಡೆಯಿತು.

ಅವಳಿಗೆ ಕೂದಲು ಕತ್ತರಿಸುವ ಕೈ ಇತ್ತು. ಮದುವೆಗೆ ಮುಂಚೆ ಊರಿನಲ್ಲಿ ಯಾವುದೋ ಅಂಗಡಿಯಲ್ಲಿ ಕಲಿತಿದ್ದಳು. ದನ ಅಟ್ಟುವ ಆಳುಗಳು, ಬೇಲಿ ಹಾಕುವವರು, ರಸ್ತೆ ಕೆಲಸದವರು, ಎಲ್ಲ ಡಾರ್ಲೋ ಮನೆಯ ವರಾಂಡದಲ್ಲಿ ಕತ್ತಿಗೆ ಹಿಟ್ಟಿನ ಚೀಲ ಸುತ್ತಿಸಿಕೊಂಡು ಕೂರುತ್ತಿದ್ದರು. ಹಿಂದೆ ನಿಂತವಳ ಮುಖ ಕಾಣಿಸುವುದಿಲ್ಲ ನೋಡಿ, ಆ ಗಂಡಸರು ಹೆಂಡಿರ ಹತ್ತಿರ ಹೇಳದ್ದನ್ನೆಲ್ಲ ಅಲ್ಲಿ ಹೇಳುತ್ತಿದ್ದರು. ನಾನು ಎಷ್ಟು ಕೆದಕಿದರೂ ಒಂದು ಅಕ್ಷರ ಆಚೆ ಬರುತ್ತಿರಲಿಲ್ಲ.

"ಆ ಕೆಂಪು ಗಡ್ಡದವನು ಅತ್ತಿದ್ದು ಯಾಕೇ?"

"ಕಣ್ಣಿಗೆ ಕೂದಲು ಬಿತ್ತು."

"ಒಂದು ಗಂಟೆ ಹೊತ್ತು ಬಿತ್ತಾ?"

"ಬೆರಿಲ್, ನಿನ್ನ ಕಿವಿ ಕತ್ತರಿಸಿದ್ರೆ ನಿಂಗೆ ಬದುಕೋಕೆ ಏನೂ ಉಳಿಯಲ್ಲ," ಅಂತ ಕತ್ತರಿ ಆಡಿಸಿ ತೋರಿಸುತ್ತಿದ್ದಳು.

ಆದರೆ ವರ್ಷಕ್ಕೆ ಒಂದೋ ಎರಡೋ ಸಲ ಅವಳು ಕಾಣಿಸುತ್ತಿರಲಿಲ್ಲ. ವಾಲಿ ಬಂದು, "ಅವಳಿಗೆ ಸೆಕೆ ಆಗ್ತಿಲ್ಲ," ಅನ್ನುತ್ತಿದ್ದ. ನಮ್ಮ ಚಳಿಗಾಲದ ಜುಲೈ ತಿಂಗಳಲ್ಲೂ, ನೀರಿನ ತೊಟ್ಟಿಯಲ್ಲಿ ಮಂಜು ಕಟ್ಟಿದಾಗಲೂ, ಸೆಕೆ. ನಾವೆಲ್ಲ ಹೌದು ಹೌದು ಅನ್ನುತ್ತಿದ್ದೆವು. ಮೂರು ವಾರ ಕಳೆದ ಮೇಲೆ ಬರುತ್ತಿದ್ದಳು, ಸೊರಗಿ, ಹ್ಯಾಟು ಕೆಳಗೆಳೆದುಕೊಂಡು. ಯಾರೂ ಕೇಳುತ್ತಿರಲಿಲ್ಲ. ನಮ್ಮಲ್ಲಿ ಕೇಳದೆ ಇರುವುದೇ ಮರ್ಯಾದೆ.

ನಮ್ಮ ಗಂಡಂದಿರು ಹೋದ ಮೇಲೆ ಇಬ್ಬರೂ ಬೂಲಾಂಬಿಗೆ ಬಂದೆವು. ಒಂದು ಬೀದಿಯ ಆ ತುದಿ ಅವಳು, ಈ ತುದಿ ನಾನು. ಊರು ಅಂದರೆ ಒಂದು ಬಾರು, ಒಂದು ಅಂಗಡಿ, ಒಂದು ಚಿಕ್ಕ ಆಸ್ಪತ್ರೆ, ಅದರಲ್ಲಿ ಫಿಲಿಪೀನ್ಸಿನಿಂದ ಬಂದ ನರ್ಸು ಮರಿಸೆಲ್. ಡಾಕ್ಟರು ಹದಿನೈದು ದಿನಕ್ಕೊಮ್ಮೆ.

ಅಂಗಡಿಯ ಗೋಡೆಗೆ ಮರಿಸೆಲ್ ಒಂದು ಹಾಳೆ ಅಂಟಿಸಿದ್ದಳು. ಮನಸ್ಸಿಗೆ ಕಷ್ಟವಿದ್ದರೆ ದೂರದಿಂದಲೇ ಡಾಕ್ಟರ ಜೊತೆ ಮಾತಾಡಬಹುದು ಅಂತ. ಕೆಳಗೆ ಫೋನ್ ನಂಬರನ್ನು ಹತ್ತು ಸಲ ಬರೆದು, ಹರಿದುಕೊಳ್ಳಲು ಅನುಕೂಲವಾಗಲಿ ಅಂತ ಕತ್ತರಿಯಿಂದ ಸೀಳಿ ಬಿಟ್ಟಿದ್ದಳು. ಪಾಪ, ಅವಳಿಗೆ ಊರು ಗೊತ್ತಿರಲಿಲ್ಲ. ಹತ್ತರಲ್ಲಿ ಒಂದು ಚೂರು ಕಮ್ಮಿಯಾದರೆ ಬ್ರೆಡ್ಡು ಕೊಳ್ಳಲು ಬಂದವರೆಲ್ಲ ಎಣಿಸುವುದಿಲ್ಲವೇ? ವರ್ಷ ಕಳೆದರೂ ಹತ್ತಕ್ಕೆ ಹತ್ತೂ ಇದ್ದವು. ಒಂದು ದಿನ ಒಂಬತ್ತಾಯಿತು. ಬಾರಿನಲ್ಲಿ ಒಂದು ವಾರ ಅದೇ ಮಾತು. "ಹುಚ್ಚು ಹಿಡಿದಿರೋದು ಯಾರಿಗಪ್ಪಾ?" ಶಾಲೆ ಮೇಷ್ಟರು ಅಂದರು, ಪೊಲೀಸಿನವನ ಹೆಂಡತಿ ಅಂದರು. ಕೊನೆಗೆ ಅಂಗಡಿಯವನೇ ಒಪ್ಪಿಕೊಂಡ, ಯಾವನಿಗೋ ಬೇಕಾಗಿದ್ದ ಟೈರಿನ ಅಳತೆ ಬರೆಯಲು ತಾನೇ ಹರಿದದ್ದು ಅಂತ. ಆಮೇಲೆ ಎರಡು ತಿಂಗಳು ಅವನನ್ನು ಎಲ್ಲರೂ "ಮನಸ್ಸು ಹೇಗಿದೆಯಪ್ಪಾ?" ಅಂತಲೇ ಮಾತಾಡಿಸಿದರು. ನಾನೂ ಕೇಳಿದೆ. ಆಗಲೂ ನನ್ನ ನಾಲಗೆ ನೆಟ್ಟಗಾಗಿರಲಿಲ್ಲ.

ಹೋದ ವರ್ಷಕ್ಕೂ ಹಿಂದಿನ ವರ್ಷದ ಏಪ್ರಿಲ್‌ನಲ್ಲಿ ಥೆಲ್ಮಾಳ ಸೆಕೆ ಶುರುವಾಯಿತು, ಮೂರು ವಾರ ಕಳೆದರೂ ಹೋಗಲಿಲ್ಲ. ಕತ್ತರಿ ಎತ್ತಿಟ್ಟಳು. ನಾನು ಕೊಟ್ಟು ಬಂದ ಸಾರು ಹಾಗೇ ಹುಳಿಯಾಗಿ ಕೂತಿರುತ್ತಿತ್ತು. ಒಂದು ಮಧ್ಯಾಹ್ನ ಹೋದರೆ ಒಳಬಟ್ಟೆಯಲ್ಲೇ ಮಂಚದ ಅಂಚಿನಲ್ಲಿ ಕೂತಿದ್ದಾಳೆ, ಒಂದು ಕಾಲಿಗೆ ಮಾತ್ರ ಕಾಲುಚೀಲ.

"ಇನ್ನೊಂದು ಹಾಕ್ಕೊಳ್ಳೇ," ಅಂದೆ.

"ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಇದೀನಿ ಬೆರಿಲ್. ಯಾಕೆ ಹಾಕ್ಕೋಬೇಕು ಅಂತ ಗೊತ್ತಾಗ್ತಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ, ಅಯ್ಯೋ ಇನ್ನೂ ಇದೀನಲ್ಲ ಅನ್ಸುತ್ತೆ."

ನಾನು ಸೀದಾ ಮರಿಸೆಲ್ ಹತ್ತಿರ ಹೋದೆ. ಅವಳು ನನ್ನ ಹಾಗೆ ಬಾಯಿಬಡುಕಿ ಅಲ್ಲ, ಕೆಲಸದವಳು. ಹೃದಯದ ಮಾತ್ರೆ ಕೊಡುವ ನೆಪದಲ್ಲಿ ಥೆಲ್ಮಾಳ ಮನೆಗೆ ಬಂದಳು, ಮುಂದೆ ಮಂಡಿಯೂರಿ ಕೂತು ಹೇಳಿದಳು, "ಅಮ್ಮಾ, ಇದು ಸೆಕೆ ಅಲ್ಲ. ಇದಕ್ಕೆ ಡಾಕ್ಟರು ಇದ್ದಾರೆ. ಆಸ್ಪತ್ರೆಯ ಕೊನೇ ಕೋಣೆಯಲ್ಲಿ ಟಿವಿ ಥರದ ಪರದೆ ಇದೆ, ಅದರಲ್ಲಿ ಬರ್ತಾರೆ. ಗುರುವಾರ ಬನ್ನಿ."

"ಗುರುವಾರ ಆಸ್ಪತ್ರೆ ಮುಂದೆ ನನ್ನ ಕಾರು ನಿಂತ್ರೆ ಊರೆಲ್ಲ ನೋಡುತ್ತೆ."

"ಅದಕ್ಕೇ ಗುರುವಾರ ಇಟ್ಟಿದ್ದು. ಅವತ್ತು ಮುದುಕರ ಕಾಲುಗುರು ಕತ್ತರಿಸೋ ದಿನ. ಯಾರು ಕೇಳಿದ್ರೂ ಉಗುರು ಅನ್ನಿ."

ಥೆಲ್ಮಾ ತಿಂಗಳ ಮೇಲೆ ನಕ್ಕಿದ್ದು ಅವತ್ತೇ. "ವಾರಾ ವಾರಾ ಹೋದ್ರೆ ಏನು ಉಗುರೋ, ಗೊರಸೋ ಅಂತಾರೆ ಕಣೇ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬರೋದಾದ್ರೆ ಬರ್ತೀನಿ," ಅಂದಳು.

ಹೋದೆವು. ಹ್ಯಾಟು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಪರದೆಯ ಮೇಲೆ ಒಬ್ಬ ಹೆಂಗಸು ಬಂದಳು, ನಲವತ್ತರ ಆಸುಪಾಸು, ಹಿಂದೆ ಒಂದು ಹೂಕುಂಡ. ಬ್ರಿಸ್ಬೇನ್‌ನಲ್ಲಿದ್ದಾಳಂತೆ. "ನಾನು ಹೆಸ್ಟರ್. ನಿಮಗೆ ಹೇಗನ್ನಿಸ್ತಾ ಇದೆ ಥೆಲ್ಮಾ ಅವರೇ?"

ಥೆಲ್ಮಾ ಮುಂದಕ್ಕೆ ಬಾಗಿದಳು. ದೊಡ್ಡ ಧ್ವನಿಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು, "ಇಲ್ಲಿ ಎಲ್ಲ ಚೆನ್ನಾಗಿದೆ. ಓವರ್."

ಡಾಕ್ಟರಮ್ಮ ನಗಲಿಲ್ಲ. "ಇಲ್ಲಿ ನಾನೊಬ್ಬಳೇ ಇದ್ದೀನಿ. ಬಾಗಿಲು ಹಾಕಿದೆ. ಬೇರೆ ಯಾರಿಗೂ ಕೇಳಿಸಲ್ಲ," ಅಂದಳು.

"ಅವಾಗ್ಲೂ ಒಬ್ಬ ಡಾಕ್ಟ್ರೇ ಇದ್ದದ್ದು," ಅಂದಳು ಥೆಲ್ಮಾ. ಅಷ್ಟು ಹೇಳಿ, ಮುಂದೆ ಅರ್ಧ ಗಂಟೆ ಮಳೆ, ಕೋಳಿ, ರೊಂಡಾಳ ಟೌನ್ಸ್‌ವಿಲ್ ಮನೆ, ಇವೇ ಮಾತು. ನಿದ್ದೆ ಚೆನ್ನಾಗಿ ಬರುತ್ತೆ ಅಂದಳು. ಊಟ ಸೇರುತ್ತೆ ಅಂದಳು. ಪಕ್ಕದಲ್ಲಿ ಕೂತಿದ್ದ ನಾನು ಅದು ಸುಳ್ಳು ಅನ್ನಲಿಲ್ಲ. ಎರಡನೇ ಗುರುವಾರವೂ ಅದೇ.

ಮನೆಗೆ ವಾಪಸು ಹೋಗುವಾಗ ಕಾರು ನಿಲ್ಲಿಸಿದಳು. ಎದುರಿಗೆ ಖಾಲಿ ರಸ್ತೆ, ಆ ತುದಿಯಲ್ಲಿ ನೀರಿನ ಟ್ಯಾಂಕು.

"ಎಷ್ಟು ಜನ ಕೇಳಿಸ್ಕೊಂಡಿರ್ತಾರೆ ಅಂತೀಯ?"

"ಯಾರೂ ಇಲ್ಲ ಕಣೇ. ಇದು ರೇಡಿಯೊ ಅಲ್ಲ. ಒಬ್ಬರಿಂದ ಒಬ್ಬರಿಗೇ ಹೋಗೋದು ಅಂತ ಮರಿಸೆಲ್ ಹೇಳಿದ್ಲಲ್ಲ."

"ಅವಳಿಗೆ ಹೇಗೆ ಗೊತ್ತು? ನಿಂಗೆ ಹೇಗೆ ಗೊತ್ತು?"

ಪರದೆಯ ಆಚೆ ಏನಿದೆ ಅಂತ ನಾನೇನು ಬಲ್ಲೆ? ಅರವತ್ತು ವರ್ಷ ಬಾಯಿಗೆ ಬರದ ಮಾತು ಅವತ್ತು ಬಂತು. "ಥೆಲ್ಮಾ, ಆವತ್ತು ಇಪ್ಪತ್ತು ಕರು ಅಂದಿದ್ದು ನಾನು."

"ಗೊತ್ತು."

"ತಪ್ಪಾಯ್ತು."

"ಹೂಂ," ಅಂದಳು. ಕಾರು ಶುರುಮಾಡಿದಳು. ನನ್ನ ಮನೆ ಮುಂದೆ ಇಳಿಸುವಾಗ ಹೇಳಿದಳು, "ಅಷ್ಟು ಜನ ನಕ್ಕಿದ್ದು ನಂಗೆ ಅಷ್ಟು ಬೇಜಾರಾಗಲಿಲ್ಲ. ಆಮೇಲೆ ನೀವು ಯಾರೂ, ಒಬ್ಬರೂ, ಈಗ ಹೇಗಿದೀಯ ಅಂತ ಕೇಳಲಿಲ್ಲ ನೋಡು."

ಮೂರನೇ ಗುರುವಾರ ಕೋಣೆಯ ಬಾಗಿಲಲ್ಲಿ ನನ್ನ ಮೊಳಕೈ ಹಿಡಿದು ನಿಲ್ಲಿಸಿದಳು. "ನೀ ಇಲ್ಲೇ ಇರು. ಒಳಗೆ ಬರಬೇಡ." ನಾನು ಕಾಲುಗುರಿನ ಮುದುಕರ ಸಾಲಿನಲ್ಲಿ ಕೂತೆ. ನಲವತ್ತು ನಿಮಿಷ ಬಾಗಿಲು ತೆರೆಯಲಿಲ್ಲ. ಹೊರಗೆ ಬಂದಾಗ ತುಟಿಯ ಬಣ್ಣ ಅಳಿಸಿಹೋಗಿತ್ತು, ಕಣ್ಣು ಊದಿತ್ತು, ನಡಿಗೆ ಮಾತ್ರ ಹಗುರ. ನಾನು ಏನು ಎತ್ತ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಎಷ್ಟು ಕಷ್ಟಪಟ್ಟೆ ಅಂತ ನನಗೇ ಗೊತ್ತು. ಮನೆಗೆ ಹೋಗಿ ಎರಡು ತುಂಡು ಉಪ್ಪುಮಾಂಸ ಬ್ರೆಡ್ಡಿನಲ್ಲಿಟ್ಟು ತಿಂದಳು, ನಾನು ನೋಡುತ್ತಾ ಕೂತೆ.

ಹಾಗೆ ಆರು ಗುರುವಾರ. ಮಾತ್ರೆಯೊಂದನ್ನೂ ಕೊಟ್ಟರು. ಆರನೆಯ ವಾರ ಮರಿಸೆಲ್‌ಳನ್ನು ಕೂರಿಸಿ ಕೂದಲು ಕತ್ತರಿಸಿದಳು, ಸೊಟ್ಟ ಕೈಯಲ್ಲೇ. "ಆ ಡಾಕ್ಟರಮ್ಮ ನಂಬರು ಕೇಳಲ್ಲ ಬೆರಿಲ್. ಸುಮ್ನೆ ಕೂತಿರ್ತಾಳೆ. ನಾನು ಹುಡುಕೋ ತನಕ ಕಾಯ್ತಾಳೆ," ಅಂತ ಒಂದೇ ಒಂದು ಸಲ ಹೇಳಿದಳು.

ಏಳನೆಯ ಗುರುವಾರ ನಾನು ಹೊರಗೆ ಕೂತಿದ್ದೆ. ಐದು ನಿಮಿಷಕ್ಕೇ ಬಾಗಿಲು ತೆರೆಯಿತು. ಥೆಲ್ಮಾ ಹ್ಯಾಟು ಕೈಯಲ್ಲಿ ಹಿಡಿದು ನನ್ನನ್ನು ದಾಟಿ ಕಾರಿನ ಕಡೆ ನಡೆದಳು. ಮರಿಸೆಲ್ ಹಿಂದೆ ಓಡಿ ಬಂದಳು. ನಡೆದದ್ದು ಇಷ್ಟು. ಪರದೆ ಮೇಲೆ ಬೇರೆ ಯಾರೋ ಇದ್ದರು, ಒಬ್ಬ ಯುವಕ. ಹೆಸ್ಟರ್ ಬೇರೆ ಕಡೆ ಕೆಲಸಕ್ಕೆ ಹೋದಳು, ಇನ್ನು ಮುಂದೆ ತಾನು ಅಂದ. ಥೆಲ್ಮಾ ಹ್ಯಾಟು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವನು ಅವಳ ಸಮಾಧಾನಕ್ಕೆ ಅಂತಲೇ, ನಗುನಗುತ್ತಾ ಹೇಳಿದ, "ಏನೂ ಯೋಚನೆ ಮಾಡ್ಬೇಡಿ. ನೀವು ಹೇಳಿದ್ದೆಲ್ಲ ಅವರು ಬರೆದಿಟ್ಟಿದ್ದಾರೆ. ನಾನು ಪೂರ್ತಿ ಓದಿದ್ದೀನಿ."

"ಎಲ್ಲಾನೂ?" ಅಂದಳಂತೆ.

"ಎಲ್ಲಾನೂ."

ನಮ್ಮ ಕಡೆಯವರಿಗೆ ಬಿಟ್ಟರೆ ಆ ಮಾತು ಯಾರಿಗೂ ಬೆದರಿಕೆಯ ಹಾಗೆ ಕೇಳಿಸುವುದಿಲ್ಲ. ಮರಿಸೆಲ್ ಎಷ್ಟೋ ಬಿಡಿಸಿ ಹೇಳಿದಳು. ಅದು ಕಾನೂನು, ಅದು ಬೀಗದೊಳಗೆ ಇರುತ್ತದೆ, ಡಾಕ್ಟರು ಬಿಟ್ಟು ಇನ್ಯಾರೂ ಓದುವ ಹಾಗಿಲ್ಲ. ಹೆಸ್ಟರಳನ್ನೇ ಹುಡುಕಿಸಿ ಮಾತಾಡಿಸುತ್ತೇನೆ, ಎರಡು ವಾರ ಕೊಡಿ ಅಂದಳು. ಥೆಲ್ಮಾ ಕಾರಿನ ಗಾಜು ಏರಿಸಿ, "ಆವತ್ತೂ ಒಬ್ಬ ಡಾಕ್ಟರಿಗೇ ಹೇಳಿದ್ದು," ಅಂದಳು. ಅವಳ ಲೆಕ್ಕದಲ್ಲಿ ಇಬ್ಬರು ಕೇಳಿದರೆ ಸೀಮೆಯೇ ಕೇಳಿದ ಹಾಗೆ.

ಅಲ್ಲಿಂದ ಹತ್ತೊಂಬತ್ತನೇ ದಿನ ಮಾತ್ರೆ ಕೊಡಲು ಹೋದ ಮರಿಸೆಲ್‌ಗೆ ಥೆಲ್ಮಾ ಅಡುಗೆಮನೆಯ ಕುರ್ಚಿಯಲ್ಲಿ ಸಿಕ್ಕಳು, ಜೀವ ಇರಲಿಲ್ಲ. ಊಟ ಬಿಟ್ಟಿದ್ದಳು, ಹೃದಯದ ಮಾತ್ರೆಯೂ ಹಾಗೇ ಇತ್ತು. ಎಂಬತ್ತಾಗಿತ್ತಲ್ಲ ಅಂದರು. ಮಣ್ಣು ಮಾಡುವಾಗ ಪಾದ್ರಿ ಐದು ಸಾಲು ಓದಿದ. ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ಕೂದಲು ಚೆನ್ನಾಗಿ ಕತ್ತರಿಸುತ್ತಿದ್ದಳು ಅಂತ. ರೊಂಡಾ ನನ್ನ ಕೈ ಹಿಡಿದು, "ಅಮ್ಮಂಗೆ ಏನಾಗಿತ್ತು ಬೆರಿಲ್ ಆಂಟಿ? ನಿಮಗೆ ಎಲ್ಲಾ ಗೊತ್ತಿರುತ್ತಲ್ಲ," ಅಂದಳು. ಐದು ವಾರದ ಆ ಮಗುವಿಗೆ ಈಗ ತಲೆ ನರೆತಿದೆ. ಗೊತ್ತಿಲ್ಲಮ್ಮಾ ಅಂದೆ. ಆ ಮಾತು ಅವಳಿಗೆ ಹೇಳುವುದು ನನ್ನ ಪಾಲಿನದ್ದಲ್ಲ.

ಕೊನೆಯ ಸಲ ಥೆಲ್ಮಾ ನನ್ನನ್ನು ಕರೆಸಿದ್ದು ಅವಳು ಸಾಯುವುದಕ್ಕೆ ಎಂಟು ದಿನ ಮುಂಚೆ. ಸೋಮವಾರ, ಹಗಲು ಹನ್ನೊಂದು. ಎರಡೂ ಕಾಲಿಗೆ ಕಾಲುಚೀಲ ಹಾಕಿ, ತಲೆ ಬಾಚಿಕೊಂಡು ಕೂತಿದ್ದಳು. ಪರವಾಗಿಲ್ಲ, ಎದ್ದಿದ್ದಾಳೆ ಅಂದುಕೊಂಡೆ. ಮೇಜಿನ ಮೇಲೆ ಫೋನು, ಪಕ್ಕದಲ್ಲಿ ಮರಿಸೆಲ್ ಅಂಟಿಸಿದ್ದ ಹಾಳೆಯ ಒಂದು ಚೂರು. ಅಂಗಡಿಗೆ ಹೋಗಿ, ಎಲ್ಲರ ಎದುರಿಗೇ ಹರಿದುಕೊಂಡು ಬಂದಿದ್ದಳಂತೆ.

"ಈ ನಂಬರಿಗೆ ಮಾಡು. ಇನ್ಮೇಲೆ ಗುರುವಾರ ಬೇಡ ಅಂತ ಹೇಳು. ಥೆಲ್ಮಾ ಗ್ರೋಗನ್ ಹುಷಾರಾಗಿದಾಳೆ ಅನ್ನು."

"ನೀ ಹುಷಾರಾಗಿಲ್ಲ ಥೆಲ್ಮಾ."

"ನಾನು ಹೇಳಿದ್ರೆ ಮತ್ತೆ ಮತ್ತೆ ಕೇಳ್ತಾರೆ. ನೀ ಹೇಳಿದ್ರೆ ನಂಬ್ತಾರೆ."

"ಎರಡು ವಾರ ಕಾಯೋಣ ಕಣೇ. ಮರಿಸೆಲ್ ಆ ಡಾಕ್ಟರಮ್ಮನ್ನ ಹುಡುಕ್ತಿದಾಳೆ."

"ಬೆರಿಲ್. ಇಷ್ಟು ವರ್ಷದಲ್ಲಿ ನಿನ್ನ ಹತ್ರ ನಾನು ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಫೋನು ಎತ್ತಿಕೊಂಡು ಅವಳು ನಡುಮನೆಯಲ್ಲೇ ಇರಲಿ ಅಂತ ವರಾಂಡದ ಕಡೆ ಹೊರಟೆ. ಅವಳು ಹೇಳಿಕೊಟ್ಟದ್ದನ್ನು ಬಿಟ್ಟು, ಅವಳು ಹುಷಾರಾಗಿಲ್ಲ ಅಂತ ಅಲ್ಲಿಂದ ಹೇಳಬಹುದು ಅಂತ ನನ್ನ ಮನಸ್ಸಿನಲ್ಲಿತ್ತು. ಅವಳಿಗೆ ಗೊತ್ತಾಯಿತು.

"ಎಲ್ಲಿ ಹೋಗ್ತೀಯ? ಇಲ್ಲೇ ಕೂತ್ಕೊಂಡು ಮಾಡು," ಅಂದಳು ಥೆಲ್ಮಾ. "ನೀ ಏನು ಹೇಳ್ತೀಯ ಅಂತ ನಾನು ಕೇಳಿಸ್ಕೋಬೇಕು."